ತಾಯಿ ಕೊಟ್ಟ ದೇಹದ ಮಹಿಮೆ



ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಕೃಷ್ಣಾ ತೀರದ ಕುಡಚಿ, ರಾಯಬಾಗ, ಅಥಣಿ ಕಡೆಯಿಂದ ಸವದತ್ತಿಯ ಶ್ರೀ ರೇಣುಕಾ ಯಲ್ಲಮ್ಮನ ಗುಡ್ಡಕ್ಕೆ ಬಂಡಿ, ಟ್ರ್ಯಾಕ್ಟರ್, ಬಸ್ಸು ಹತ್ತಿ ಜನಸಾಗರವೇ ಹರಿದು ಬರುತ್ತದೆ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ಉಧೋ ಉಧೋ ಎನ್ನುತ್ತ ಗುಡ್ಡ ಏರುತ್ತಾರೆ. ಅವ್ವನಿಗೆ ಸೀರೆ, ಕುಪ್ಪಸ, ಕಾಯಿ, ಕರ್ಪೂರ ಎಲ್ಲವನ್ನೂ ನೆನಪಿಟ್ಟು ತಂದಿರುತ್ತಾರೆ. ಇದನ್ನೆಲ್ಲ ಹೊತ್ತು ತಂದ ದೇಹದ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ಮೊಣಕಾಲು ನೋಯುವ ತನಕ ಕಾಲು ಇದೆ ಅಂತಲೇ ಗೊತ್ತಿರುವುದಿಲ್ಲ.

ಕುಡಚಿಯ ಒಬ್ಬ ಅಜ್ಜ, ಮಿರಜದಲ್ಲಿ ನರ್ಸಿಂಗ್ ಕಲಿಯುವ ಮೊಮ್ಮಗಳ ಕೈ ಹಿಡಿದು ಗುಡ್ಡ ಏರುತ್ತಿದ್ದಾನೆ ಎಂದು ಇಟ್ಟುಕೊಳ್ಳಿರಿ.

“ತಂಗೀ, ಎದಿ ಡಬ ಡಬ ಅನ್ನಾಕ ಹತ್ತೇತಿ.”

“ಕುಂಡ್ರು ಅಜ್ಜಾ. ಕಾಲು ರಕ್ತ ಬೇಡತಾವ, ಎದಿ ಕೊಡಾಕ ಹತ್ತೇತಿ.”

ಹುಡುಗಿ ಹೇಳಿದ್ದು ಖರೆ. ಮುಷ್ಟಿಯಷ್ಟು ಗಾತ್ರದ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಗುಡ್ಡ ಏರುವಾಗ ಅದು ಎರಡು ಮೂರು ಪಟ್ಟಾಗುತ್ತದೆ. ಶ್ವಾಸಕೋಶದೊಳಗಿನ ಕೋಟಿಗಟ್ಟಲೆ ಸಣ್ಣ ಚೀಲಗಳು ಹೊರಗಿನ ಪ್ರಾಣವಾಯುವನ್ನು ರಕ್ತಕ್ಕೆ ಕೊಟ್ಟು, ಕೆಟ್ಟ ಗಾಳಿಯನ್ನು ಹೊರಗೆ ಹಾಕುತ್ತವೆ. ಬೆಳಿಗ್ಗೆ ಉಂಡ ಜೋಳದ ರೊಟ್ಟಿ ಸುಮಾರು 20 ಅಡಿ ಉದ್ದದ ಸಣ್ಣ ಕರುಳಿನಲ್ಲಿ ಕರಗಿ ಸಕ್ಕರೆಯಾಗುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ ಯಕೃತ್ತು ಅದರಲ್ಲಿ ಒಂದಿಷ್ಟನ್ನು ತುಂಬಿಟ್ಟುಕೊಂಡು, ಬೇಕಾದಾಗ ಬಿಚ್ಚಿ ಕೊಡುತ್ತದೆ. ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಹೊರಗೆ ಬಿಟ್ಟು ಉಳಿದದ್ದನ್ನು ಮರಳಿ ರಕ್ತಕ್ಕೆ ಒಪ್ಪಿಸುತ್ತವೆ. ಇಷ್ಟು ಸೇವೆಗೆ ಯಾವ ಗಂಟೆಯೂ ಇಲ್ಲ, ಆರತಿಯೂ ಇಲ್ಲ. ಉಪವಾಸ ಎಂದು ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಯನ್ನು ತಾವೇ ಬಿಟ್ಟು ಬರುವವರು ಇದನ್ನು ಸ್ವಲ್ಪ ವಿಚಾರ ಮಾಡಬೇಕು. ಎದೆ ಬಿಗಿದು ಎಡಗೈಗೆ ನೋವು ಇಳಿದರೆ ಅದನ್ನು ಗ್ಯಾಸ್ ಅಂತ ಸೋಡಾ ಕುಡಿದು ಕೂರಬಾರದು, ಕೂಡಲೇ ದವಾಖಾನೆಗೆ ಹೋಗಬೇಕು.

ಒಳಗಿನ ಈ ಸಂಗತಿ ಮನುಷ್ಯನಿಗೆ ತಿಳಿದದ್ದು ಹೇಗೆ? ಕೊಯ್ದು ನೋಡಿಯೇ. ಹಿಂದೆ ಸುಶ್ರುತಾಚಾರ್ಯರು ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಪದರ ಪದರವಾಗಿ ಉಜ್ಜಿ ತೆಗೆದು ಕಣ್ಣಾರೆ ನೋಡಬೇಕು ಎಂದು ಶಿಷ್ಯರಿಗೆ ವಿಧಿಸಿದ್ದರು. ಅವರು ಎಣಿಸಿದ ಎಲುಬು 300, ಇಂದಿನವರ ಲೆಕ್ಕ 206. ಹುಟ್ಟಿದ ಕೂಸಿಗೆ ಹೆಚ್ಚಿಗೆ ಇದ್ದು, ಬೆಳೆಯುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಲೆಕ್ಕಕ್ಕಾಗಿ ಜಗಳ ಬೇಡ.

ಈ ಗುಡ್ಡದ ಕಥೆ ಎಲ್ಲರಿಗೂ ಗೊತ್ತು. ಜಮದಗ್ನಿ ಮುನಿಗಳ ಆಜ್ಞೆಯಂತೆ ಪರಶುರಾಮ ಹೆತ್ತ ತಾಯಿಯ ಮೇಲೆ ಕೊಡಲಿ ಎತ್ತಿದ. ತಂದೆ ಮೆಚ್ಚಿ ವರ ಬೇಡು ಎಂದಾಗ ತಾಯಿಯ ಜೀವವನ್ನೇ ಬೇಡಿದ. ತಂದೆಯ ಮಾತಿನಂತೆ ಮಗನೇ ಆಯುಧ ಹಿಡಿದ ಇನ್ನೊಂದು ಸಂಗತಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ, ನಮ್ಮ ಕಾಲದಲ್ಲೇ ನಡೆಯಿತು. ಬೈಲಹೊಂಗಲದ ವೈದ್ಯರಾದ ಡಾ. ಬಿ.ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕು, ಅದನ್ನು ಮಗನೇ ಕೊಯ್ದು ತೋರಿಸಬೇಕು ಎಂದು ಹೇಳಿಟ್ಟಿದ್ದರು. 2008ರಲ್ಲಿ ಅವರು ಲಿಂಗೈಕ್ಯರಾದರು. ದೇಹವನ್ನು ಕೆಡದಂತೆ ಕಾಯ್ದಿಡಲಾಯಿತು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರ ರಚನೆಯ ಅಧ್ಯಾಪಕರು. 2010ರಲ್ಲಿ ಅವರು ಆ ಕಾಲೇಜಿನಲ್ಲೇ ತಂದೆಯ ದೇಹವನ್ನು ತಮ್ಮ ಕೈಯಾರೆ ಕೊಯ್ದು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ತನ್ನನ್ನು ಎತ್ತಿ ಆಡಿಸಿದ ಕೈಯ ನರಗಳನ್ನೇ ಬಿಡಿಸಿ ತೋರಿಸುವುದೆಂದರೆ ಸಾಮಾನ್ಯದ ಮಾತೇ?

ಇಷ್ಟು ಕೇಳಿದ ಕುಡಚಿಯ ಅಜ್ಜ ಸುಮ್ಮನಿರುವುದಿಲ್ಲ.

“ಕೊಯಿಸಿಕೊಂಡ ಮ್ಯಾಲ ಅವ್ವನ ಕಡೆ ಹೆಂಗ ಹೋಗೂದು?”

ಹೂಳಿದರೆ ಮಣ್ಣು, ಸುಟ್ಟರೆ ಬೂದಿ. ಅವ್ವನ ಕಡೆ ಹೋಗುವುದು ಎಲುಬು ಮಾಂಸವಲ್ಲ. ಆದರೂ ಮನೆಯವರ ಸಂಕಟ ಸುಳ್ಳಲ್ಲ. ಎಡೆ ಇಡಲು ಗದ್ದುಗೆ ಇಲ್ಲ, ಮಣ್ಣು ಕೊಟ್ಟ ಸಮಾಧಾನ ಇಲ್ಲ. ಆದ್ದರಿಂದ ಇದನ್ನು ಯಾರ ಮೇಲೂ ಹೇರಬಾರದು. ಮನಸ್ಸಿದ್ದವರು ಬದುಕಿರುವಾಗಲೇ ವೈದ್ಯಕೀಯ ಕಾಲೇಜಿನಲ್ಲಿ ಅರ್ಜಿ ತುಂಬಿ, ಮನೆಯವರ ಒಪ್ಪಿಗೆ ಪಡೆದಿರಬೇಕು. ಜೀವ ಹೋದ ಮೇಲೆ ಕಾಲೇಜಿಗೆ ಕೂಡಲೇ ತಿಳಿಸಬೇಕಾದವರು ಅವರೇ. ಕಣ್ಣು ಕೊಡುವುದಾದರೆ 6 ತಾಸಿನೊಳಗೆ ತೆಗೆಯಬೇಕು, ಅದಕ್ಕೆ ದೇಹವನ್ನೇ ಒಪ್ಪಿಸಬೇಕೆಂದಿಲ್ಲ. ಕಣ್ಣು ಕೊಟ್ಟ ಮೇಲೂ ಮಣ್ಣು ಮಾಡಬಹುದು.

ಅಜ್ಜನ ಎದೆ ಬಡಿತ ಇಷ್ಟೊತ್ತಿಗೆ ಇಳಿದಿರುತ್ತದೆ. ಎದ್ದು ಧೋತರ ಕೊಡವಿಕೊಳ್ಳುತ್ತಾನೆ.

“ಮನ್ಯಾಗ ನಿಮ್ಮಪ್ಪನ ಮುಂದ ನೀನ ಹೇಳವಾ ತಂಗೀ. ನನ್ನ ಮಾತ ಕೇಳಾಂಗಿಲ್ಲ ಅಂವ.”

“ಮೊದಲ ನಿನ್ನ ಗುಳಿಗಿ ತೊಗೊ ಅಜ್ಜಾ. ಆಮ್ಯಾಲ ಹೇಳತೇನಿ.”