ಇಲ್ಲವೆನ್ನುವ ಒಲವು

ಇಂಗ್ಲೆಂಡಿನ ‘ಟೆನ್ ಸಿಸಿ’ ಎಂಬ ಪಾಪ್ ವೃಂದದವರು 1975ರಲ್ಲಿ ಹೊರತಂದ ಪ್ರೇಮಗೀತೆಯೊಂದಿದೆ. ಅದರ ಹೆಸರೇ ‘ಐ ಆ್ಯಮ್ ನಾಟ್ ಇನ್ ಲವ್’. ಎಂದರೆ, ನನಗೇನೂ ಪ್ರೇಮವಿಲ್ಲ! ಮಗಳು ಮೊಬೈಲಿನಲ್ಲಿ ಹಾಕಿದಾಗ ಕಿವಿಗೆ ಬಿದ್ದದ್ದು, ಇನ್ನೂ ಬಿಟ್ಟಿಲ್ಲ. ಹಾಡಿನುದ್ದಕ್ಕೂ ಅವನದು ಒಂದೇ ಹಟ. ಅವಳ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದಾನೆ. ಅದು ಗೋಡೆಯ ಕಲೆಯನ್ನು ಮರೆಮಾಡಲಿಕ್ಕಂತೆ! ನಂಬುವವರು ಯಾರು?

ಅಲಂಕಾರಶಾಸ್ತ್ರ ಪಾಠಹೇಳುವವನಿಗೆ ಇದು ಹೊಸದಲ್ಲ. ವಾಚ್ಯದಲ್ಲಿ ನಿಷೇಧ, ವ್ಯಂಗ್ಯದಲ್ಲಿ ವಿಧಿ. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದಕ್ಕೊಂದು ಪ್ರಾಕೃತ ಗಾಹೆಯನ್ನು ಉದಾಹರಿಸಿದ್ದಾನೆ. ಅತ್ತೆ ಮಲಗುವ ಎಡೆಯನ್ನೂ ತಾನು ಮಲಗುವ ಎಡೆಯನ್ನೂ ಹಗಲಲ್ಲೇ ದಾರಿಗನಿಗೆ ತೋರಿಸಿ, ಇರುಳಲ್ಲಿ ಎಡವಿ ಬಿದ್ದೀಯೆ ಎಂದು ಎಚ್ಚರಿಸುವ ಹೆಣ್ಣು ಅಲ್ಲಿದ್ದಾಳೆ. ‘ಬರಬೇಡ’ ಎಂದರೆ ‘ಬಾ’ ಎಂದು ವಿವರಿಸುವ ದಿನ ಹಿಂದಿನ ಬೆಂಚಿನವರಿಗೂ ಶಾಸ್ತ್ರ ಅರ್ಥವಾಗುತ್ತದೆ.

ನನ್ನನ್ನು ಕಾಡಿದ್ದು ಹಾಡು ಹುಟ್ಟಿದ ಕಥೆ. ಗ್ರಹಾಂ ಗೌಲ್ಡ್‌ಮನ್ ಜೊತೆಗೂಡಿ ಇದನ್ನು ರಚಿಸಿದ ಎರಿಕ್ ಸ್ಟ್ಯೂವರ್ಟನಿಗೆ ಹೆಂಡತಿಯ ಒಂದು ಆಕ್ಷೇಪವಿತ್ತು: ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳುವುದೇ ಕಡಮೆ ಎಂದು. ಮತ್ತೆ ಮತ್ತೆ ಆಡಿದರೆ ಆ ಮಾತಿಗೆ ಅರ್ಥವೇ ಉಳಿಯದು ಎಂಬುದು ಅವನ ಅಂಜಿಕೆ. ಆಡದೆ ಹೇಳುವ ದಾರಿ ಹುಡುಕಿದ. ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಸಂಗಡಿಗರು ಮೂವರು ಒಂದೊಂದು ಸ್ವರವನ್ನೂ 16 ಸಲ ಹಾಡಿದರು. ಸ್ವರಕ್ಕೆ 48 ಕಂಠಗಳಂತೆ ಟೇಪಿನ ಮೇಲೆ ಕೂಡಿಸಿ, ಮಂಜಿನಂಥ ಒಂದು ನಾದವನ್ನು ಹಾಡಿನ ಹಿಂದೆ ಹರಡಿದರು. ಹೆಂಡತಿ ಕೇಳಿದ್ದು ಒಂದು ಮಾತು. ಅದನ್ನು ಆಡದಿರಲು ಇಷ್ಟೆಲ್ಲ ದುಡಿಮೆ! ಹಾಡು ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಎರಡನೆಯದಕ್ಕೆ.

ಬಳಸಿದಷ್ಟೂ ಮಾತು ಸವೆಯುವುದು ನಿಜವೆ? ‘ಅಮ್ಮಾ’ ಎಂದು ದಿನಕ್ಕೆ ಹತ್ತು ಸಲ ನಲವತ್ತು ವರ್ಷ ಕೂಗಿದವನು ನಾನು. ಈಗ ಕೂಗಿದರೆ ಓಗೊಡುವವರಿಲ್ಲ. ಮಾತು ಮಾತ್ರ ಕೂದಲೆಳೆಯಷ್ಟೂ ಸವೆದಿಲ್ಲ. ಸವೆಯುವುದೆಂಬುದು ಬಹುಶಃ ನಾವು ಗಂಡಸರು ಸಂಕೋಚಕ್ಕೆ ಇಟ್ಟುಕೊಂಡ ಗೌರವದ ಹೆಸರು.

ಹೋದ ವರ್ಷ ನನ್ನ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಕರೆದೊಯ್ಯುವ ಮುನ್ನ ಆಕೆ ನನ್ನ ಕೈಹಿಡಿದು, “ಏನಾದರೂ ಹೇಳಿ” ಎಂದಳು. ಇಪ್ಪತ್ತು ವರ್ಷದಿಂದ ಭಾಷೆಯನ್ನೇ ನಂಬಿ ಅನ್ನ ತಿನ್ನುತ್ತಿರುವವನು ಹೇಳಿದ್ದು: “ಗ್ಯಾಸ್ ಆರಿಸಿ ಬಂದಿದ್ದೇನೆ, ಚಿಂತೆ ಮಾಡಬೇಡ.” ಆಕೆ ನಕ್ಕಳು. ಗುಣವಾಗಿ ಮನೆಗೆ ಬಂದ ಮೇಲೆ ನಾನು ಸಮಜಾಯಿಷಿ ಕೊಡಹೋದೆ. ಅದರ ಧ್ವನ್ಯರ್ಥ ನಿನಗೆ ತಿಳಿಯಲಿಲ್ಲವೆ ಎಂದೆ. “ತಿಳಿಯಿತು ರೀ. ಆದರೆ ತಿಳಿದುಕೊಳ್ಳುವ ಕೆಲಸವೆಲ್ಲ ನನಗೇ ಯಾಕೆ?” ಎಂದಳು.

ಲಕ್ಷಣಗ್ರಂಥಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅವು ಸಹೃದಯನನ್ನು ಕೊಂಡಾಡುತ್ತವೆ; ಅವನಿಗೆ ದಣಿವಾಗಬಹುದೆಂದು ಎಲ್ಲಿಯೂ ಹೇಳುವುದಿಲ್ಲ. ಕಾವ್ಯವನ್ನು ಬೇಸರವಾದರೆ ಮಡಿಚಿಡಬಹುದು. ಅಡುಗೆ ಮನೆಯಲ್ಲಿ ನಿಂತು ಗಂಡನ ಕೆಮ್ಮು, ಮೌನ, ಗ್ಯಾಸಿನ ಮಾತುಗಳಿಗೆಲ್ಲ ವ್ಯಾಖ್ಯಾನ ಬರೆಯುತ್ತ ಕೂರುವವಳ ಪಾಡು ಬೇರೆ.

ಮೊನ್ನೆ ಆಕೆಗೂ ಈ ಹಾಡು ಕೇಳಿಸಿ, ಕಥೆ ಹೇಳಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ, “ಚೆನ್ನಾಗಿದೆ. ಆಮೇಲಾದರೂ ಅವಳಿಗೆ ಹೇಳಿದನಂತೆಯೆ?” ಎಂದಳು.

ನಾನು 48 ಕಂಠಗಳ ವಿಚಾರವನ್ನು ಇನ್ನೊಮ್ಮೆ ವಿವರಿಸತೊಡಗಿದೆ.