ಕೆಂಡದ ಮೇಲಿನ ಮೀನು

ವಾಕ್ಯಭಾಗ: ಯೋಹಾನ 21:1-15

ಕೂತ್ಕೊಳ್ಳಿ. ಯೌವನಸ್ಥರೇ, ಇವತ್ತು ಊಟದ ವಿಷಯ. ನೋಡಿ, ಈಗ ಎಲ್ಲರ ಮುಖ ಅರಳಿತು!

2020ರ ಮಾರ್ಚ್ 22, ಭಾನುವಾರ ನೆನಪಿದೆಯಾ? ಜನತಾ ಕರ್ಫ್ಯೂ. ಸಭೆ ಇಲ್ಲ. 25ರಿಂದ 21 ದಿನ ಲಾಕ್‌ಡೌನ್ ಅಂದ್ರು, ಅದು ಮುಂದೆ ಮುಂದೆ ಹೋಯ್ತು. ಎರಡು ದಿನಕ್ಕೆ ಅಂತ ಬೆಂಗಳೂರಿನಿಂದ ಅಂಕೋಲಾಕ್ಕೆ ಬಂದಿದ್ದ ನಾನು ಅಲ್ಲೇ ಉಳಿದೆ. ಒಂದು ಬ್ಯಾಗು, ಎರಡು ಶರ್ಟು.

ಬೆಂಗಳೂರಲ್ಲಿ ನನಗೆ ಅಡುಗೆ ಅಂದ್ರೆ ಫೋನು. ಒತ್ತಿದರೆ ಬಾಗಿಲಿಗೆ ಬರುತ್ತೆ. ಊರಲ್ಲಿ ಒತ್ತೋದಕ್ಕೆ ಏನಿದೆ? ಹೋಟೆಲ್ ಮುಚ್ಚಿತ್ತು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು. ಮಾಜಾಳಿಯಲ್ಲಿ ಗೋವಾ ಗಡಿ ಬಂದ್. ತಲೆ ಮೇಲೆ ಬುಟ್ಟಿ ಹೊತ್ತು ಮೀನು ತರುವ ಹೆಂಗಸರು ನಮ್ಮ ಬೀದಿಗೆ ಬರಲಿಲ್ಲ. ಕರಾವಳಿಯವರಿಗೆ ಮೀನಿಲ್ಲದ ಊಟ ಅಂದ್ರೆ ಏನು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲಕ್ಕೆ ಅಂತ ಇಟ್ಟಿದ್ದ ಒಣಮೀನಿನ ಡಬ್ಬ ಬೇಸಿಗೆಯಲ್ಲೇ ಹೊರಗೆ ಬಂತು. ಕುಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗಡೆ, ಹಿತ್ತಲಿನ ನುಗ್ಗೆಸೊಪ್ಪು, ಹಲಸಿನಕಾಯಿ ಪಲ್ಯ. ಮೇ ತಿಂಗಳಲ್ಲಿ ಪಕ್ಕದ ಮನೆಯವರು ಕರಿ ಇಶಾಡ ಮಾವು ಕೊಟ್ಟರು. (ನಗರದಲ್ಲಿ ನೀವೆಲ್ಲ ಡಾಲ್ಗೋನಾ ಕಾಫಿ ಕಲಕುತ್ತಾ ಇದ್ದ ಕಾಲ ಅದು, ನನಗೆ ಗೊತ್ತು!) ಮನೆಯವರೆಲ್ಲ ಒಟ್ಟಿಗೆ ಕೂತು ಮೂರು ಹೊತ್ತು ಉಂಡೆವು. ಎಷ್ಟು ವರ್ಷ ಆಗಿತ್ತೋ ಹಾಗೆ ಉಂಡು.

ಒಟ್ಟಿಗೆ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನಮ್ಮ ಆಯಿ (ನಿಮಗೆ ಅಮ್ಮ, ನಮಗೆ ಆಯಿ) ಬಡಿಸುತ್ತಾ ನಿಂತಿರ್ತಿದ್ದರು. ಒಂದು ರಾತ್ರಿ ನೀರು ಕುಡಿಯೋಕೆ ಒಳಗೆ ಹೋದೆ. ಆಯಿ ನೆಲದ ಮೇಲೆ ಕೂತಿದ್ದಾರೆ. ಗಂಜಿ, ಉಪ್ಪಿನಕಾಯಿ ಅಷ್ಟೇ. ಮೀನು ಸುಟ್ಟ ಬಾಣಲೆಯಲ್ಲಿ ಉಳಿದಿದ್ದ ಚೂರನ್ನು ಬೆರಳಲ್ಲಿ ಒರೆಸಿ ಬಾಯಿಗೆ ಇಟ್ಟುಕೊಂಡರು. "ಆಯಿ, ನಿನಗೆ ಒಣಮೀನು ಸೇರೋದಿಲ್ಲ ಅಂತಿದ್ಯಲ್ಲ?" ಅಂದೆ. "ಮೂರೇ ಇತ್ತು ಮಗಾ. ನೀ ಹೋಗಿ ಮಲಗು."

ಮೂವತ್ತು ವರ್ಷ ಆ ಮಾತನ್ನು ನಾನು ನಂಬಿದ್ದೆ. ನಂಬೋದು ನನಗೆ ಅನುಕೂಲ ಆಗಿತ್ತು ಪ್ರಿಯರೇ.

ಈಗ ವಾಕ್ಯಕ್ಕೆ ಬನ್ನಿ. ಇದು ಪುನರುತ್ಥಾನ ಆದ ಮೇಲಿನ ಸಂಗತಿ. ಮರಣವನ್ನು ಜಯಿಸಿದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಏನು ಮಾಡ್ತಿದ್ದಾನೆ? 9ನೇ ವಚನ ನೋಡಿ. ಕೆಂಡ ಇದೆ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾದವರಿಗೆ ಆತನೇ ಒಲೆ ಹಚ್ಚಿದ್ದಾನೆ. ಹಲ್ಲೆಲೂಯ! 13ನೇ ವಚನದಲ್ಲಿ ಬಡಿಸುವವನೂ ಆತನೇ. ಪೇತ್ರ ಕರ್ತನನ್ನು ಅರಿಯೆನು ಅಂದದ್ದು ಎಲ್ಲಿ? ಯೋಹಾನ 18:18, ಅಲ್ಲಿಯೂ ಚಳಿ ಕಾಯಿಸಿಕೊಳ್ಳುವ ಕೆಂಡ ಇತ್ತು. ಈ ಕೆಂಡದ ಹತ್ತಿರ ಕರ್ತನು ಮೊದಲು ಬೈಯಲಿಲ್ಲ, ಲೆಕ್ಕ ಕೇಳಲಿಲ್ಲ. ಊಟ ಆದ ಮೇಲೆ, 15ನೇ ವಚನದಲ್ಲಿ, ಪ್ರೀತಿಯ ಪ್ರಶ್ನೆ ಕೇಳಿದ.

ಸಹೋದರರೇ, ವಿಶೇಷವಾಗಿ ಸಹೋದರರೇ, ಅಡುಗೆಮನೆ ಹೆಂಗಸರ ಜಾಗ ಅನ್ನುವವರು ಈ ದಡದಲ್ಲಿ ಎಲ್ಲಿ ನಿಲ್ತೀರಿ?

ಆ ವರ್ಷ ಏಪ್ರಿಲ್ 12ರ ಈಸ್ಟರ್ ಮನೆಯಲ್ಲೇ ಆಯ್ತು. ಫೋನಿನಲ್ಲಿ ಆರಾಧನೆ, ಚಪಾತಿಯ ತುಂಡು, ಲೋಟದಲ್ಲಿ ದ್ರಾಕ್ಷಿರಸ. 1 ಕೊರಿಂಥ 11:33 ಓದಿದೆವು, ಊಟಕ್ಕೆ ಒಬ್ಬರಿಗೊಬ್ಬರು ಕಾಯಬೇಕು ಅನ್ನುವ ಮಾತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಮೊದಲ ತುಂಡನ್ನು ಆಯಿಯ ಕೈಗೆ ಕೊಟ್ಟರು. ಆಯಿ ಅತ್ತರು. ಅದರ ಮರುದಿನದಿಂದ ನಾನು ಮೀನು ಸುಡೋದು ಕಲಿತೆ. ಮೊದಲನೆಯದು ಇದ್ದಿಲಾಯ್ತು, ಅದನ್ನೂ ತಿಂದೆವು.

ಈಗ ಮತ್ತೆ ಎಲ್ಲ ತೆರೆದಿದೆ. ನಾವು ಮತ್ತೆ ಫೋನು ಒತ್ತುತ್ತಿದ್ದೇವೆ, ಅದು ತಪ್ಪು ಅಂತ ನಾನು ಹೇಳೋದಿಲ್ಲ, ನಾನೂ ಒತ್ತುತ್ತೀನಿ. ಆದರೆ ಇವತ್ತು ಕೂಟ ಮುಗಿದ ಮೇಲೆ ಊರಿಗೆ ಒಂದು ಕಾಲ್ ಮಾಡಿ. "ಊಟ ಆಯ್ತಾ?" ಅಂತ ಕೇಳಬೇಡಿ, ಅದಕ್ಕೆ ಎಲ್ಲ ತಾಯಂದಿರೂ "ಆಯ್ತು" ಅಂತಾರೆ. "ಏನು ಉಂಡೆ?" ಅಂತ ಕೇಳಿ. ಉತ್ತರ ಬರೋವರೆಗೂ ಇಡಬೇಡಿ.

ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.