ಎಣಿಕೆಗೆ ನಿಲುಕದ ಹಿಂಸೆ

ಸತ್ಕಾರ್ಯಕ್ಕೆ ದ್ರವ್ಯವನ್ನಿತ್ತವನು ಅದರ ಫಲವೇನೆಂದು ಕೇಳುವುದು ನ್ಯಾಯವೇ ಸರಿ. ನೆರವು ನೀಡುವ ಹಾಗೂ ಪಡೆಯುವ ರಾಷ್ಟ್ರಗಳು 2005ರ ಪ್ಯಾರಿಸ್ ಘೋಷಣೆಯಲ್ಲಿ, ಫಲಿತಾಂಶವನ್ನು ಗಮನದಲ್ಲಿರಿಸಿಯೇ ಕಾರ್ಯ ನಡೆಸುವುದಾಗಿ ಒಪ್ಪಿಕೊಂಡವು. ಆದರೆ ರಸ್ತೆಯನ್ನು ಅಳೆದಂತೆ ಸದಾಡಳಿತವನ್ನಾಗಲಿ ಸಂಘರ್ಷಶಮನವನ್ನಾಗಲಿ ಅಳೆಯಲು ಬಾರದು. ಇದನ್ನರಿಯಲು ಹಾಸನ ಜಿಲ್ಲೆಯ ಸಕಲೇಶಪುರ–ಆಲೂರು ಮಲೆಸೀಮೆಯ ಆನೆ–ಮಾನವ ಸಂಘರ್ಷವನ್ನು ನೋಡಿದರೆ ಸಾಕು.

ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಸಲ್ಲಿಸಿತು. ಈ ಭಾಗದ ಆನೆಗಳನ್ನು ಸೆರೆಹಿಡಿಯಬೇಕೆಂಬುದು ಅದರ ಸಲಹೆಗಳಲ್ಲೊಂದು. ತರುವಾಯ 22 ಆನೆಗಳನ್ನು ಹಿಡಿಯಲಾಯಿತು. ಹಿಡಿದ ಆನೆಗಳ ಸಂಖ್ಯೆಯೇ ಅಳತೆಗೋಲಾದರೆ ಕಾರ್ಯ ಸಫಲವಾಯಿತು. ಆದರೆ ಬೇರೆ ಆನೆಗಳು ಬಂದವು, ಸಂಘರ್ಷ ನಿಲ್ಲಲಿಲ್ಲ. ಬಂಧನಕ್ಕೊಳಗಾದ ಜೀವಿಯ ವೇದನೆಯಂತೂ ಯಾವ ಪಟ್ಟಿಗೂ ಸೇರಲಿಲ್ಲ.

ಬೆಳೆಹಾನಿಯ ಪರಿಹಾರದ ಅರ್ಜಿಗಳು ಇಳಿದರೆ ಹಾನಿಯೇ ಇಳಿಯಿತೆಂದು ತೋರುತ್ತದೆ. ಆದರೆ ರೈತನು ಬೇಸತ್ತು ಗದ್ದೆಯನ್ನು ಬೀಳು ಬಿಟ್ಟಿದ್ದರೆ? ನಾಟಿಯನ್ನೇ ಮಾಡದ ಭತ್ತಕ್ಕೆ ಪರಿಹಾರವೂ ಇಲ್ಲ, ಅರ್ಜಿಯೂ ಇಲ್ಲ. ಮುಂಜಾನೆಯ ಮಂಜಿನಲ್ಲಿ ಕಾಫಿ ತೋಟಕ್ಕೆ ನಡೆಯುವ ಕೂಲಿಯವರ ಅಂಜಿಕೆಗೆ ಯಾವ ನಮೂನೆಯಲ್ಲಿ ಜಾಗವಿದೆ? ಆನೆಗಳ ಇರವನ್ನು ಮೊಬೈಲ್ ಸಂದೇಶದಿಂದ ಮೊದಲೇ ತಿಳಿಸುವುದರಿಂದ ಉಳಿದ ಪ್ರಾಣವೂ ಹಾಗೆಯೇ. ಸಂಭವಿಸದ ಸಾವನ್ನು ದಾಖಲಿಸುವವರಾರು? ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನು 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಸೆರೆ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದನು. ಆ ಹಾನಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಹಾಗಾದರೆ ಅಳೆಯುವುದನ್ನೇ ಬಿಡಬೇಕೆ? ಕೂಡದು. ಲೆಕ್ಕವಿಲ್ಲದೆಡೆ ಉದಾಸೀನವು ಸುಲಭವಾಗಿ ಅಡಗಿ ಕೂರುತ್ತದೆ. ಪ್ರಮಾದವು ಹಿಂಸೆಯ ಮೂಲವೆಂಬುದು ನಮ್ಮ ಆಚಾರ್ಯರ ಉಪದೇಶ. ಎಣಿಸದಿರುವುದು ಒಂದು ಪ್ರಮಾದ. ಎಣಿಸಿದ್ದಷ್ಟೇ ಸತ್ಯವೆಂದು ಬಗೆಯುವುದು ಇನ್ನೊಂದು. ಒಂದೇ ನಯದಿಂದ ಕಂಡದ್ದು ಸುಳ್ಳಲ್ಲ, ಅಪೂರ್ಣ. ಆದುದರಿಂದ ಅಧಿಕಾರಿಯ ಅಂಕಿಯ ಪಕ್ಕದಲ್ಲಿ ರೈತನ ಮಾತು, ಕೂಲಿಯವರ ಮಾತು, ಮಾತು ಬಾರದ ಪ್ರಾಣಿಯ ಸ್ಥಿತಿ ಇವಕ್ಕೂ ಸ್ಥಾನವಿರಬೇಕು. ಒಂದು ವರ್ಷದ ಇಳಿಕೆಯನ್ನು ಕಂಡು ಹಿಗ್ಗದೆ ಹಲವು ವರ್ಷ ಕಾದು ನೋಡಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ಮಾತು ಸಲ್ಲುತ್ತದೆ. ಇಷ್ಟು ಮಂದಿಗೆ ಅನ್ನದಾನ, ಇಷ್ಟು ಮಂದಿಗೆ ವಿದ್ಯಾರ್ಥಿವೇತನವೆಂದು ವಾರ್ಷಿಕ ವರದಿಯಲ್ಲಿ ಬರೆಯುವುದು ಯೋಗ್ಯವೇ. ಅದರೊಡನೆ, ಕೇಳಲು ಸಂಕೋಚಪಟ್ಟು ಬಾಗಿಲಿಗೇ ಬಾರದವರು ಯಾರೆಂಬುದನ್ನೂ ವಿಚಾರಿಸಿದಾಗ ಮಾತ್ರ ದಾನದ ಲೆಕ್ಕವು ದಯೆಯ ಲೆಕ್ಕವೂ ಆದೀತು.